ಗದ್ದಲ ಕಾಣುತ್ತದೆ, ಗುಪ್ತಮತದಾನ ಕಾಣುವುದಿಲ್ಲ: ಬ್ರಿಟನ್ ಸಂಸತ್ತಿನ ನೇರಪ್ರಸಾರ ಮತ್ತು ಹ್ಯಾನ್ಸಾರ್ಡ್ ಸೇವೆ

ಬ್ರಿಟನ್ ಸಂಸತ್ತು ತನ್ನ ಕಲಾಪವನ್ನು ಎರಡು ರೂಪಗಳಲ್ಲಿ ಸಾರ್ವಜನಿಕರ ಮುಂದಿಡುತ್ತದೆ. ಒಂದು, ಎರಡೂ ಸದನಗಳನ್ನು ಮತ್ತು ಬಹಿರಂಗವಾಗಿ ನಡೆಯುವ ಸಮಿತಿ ಸಭೆಗಳನ್ನು ತೋರಿಸುವ ಪಾರ್ಲಿಮೆಂಟ್ ಲೈವ್ ಟಿವಿ ಎಂಬ ಜಾಲತಾಣ. ಇನ್ನೊಂದು, ಸದನದಲ್ಲಿ ಆಡಿದ ಮಾತಿನ ಅಧಿಕೃತ ಮುದ್ರಿತ ದಾಖಲೆಯಾದ ಹ್ಯಾನ್ಸಾರ್ಡ್. ಎರಡಕ್ಕೂ ಶುಲ್ಕವಿಲ್ಲ, ಹೆಸರು ನೋಂದಾಯಿಸುವ ಅಗತ್ಯವೂ ಇಲ್ಲ. ಒಂದು ಪಕ್ಷ ತನ್ನ ನಾಯಕರನ್ನು ಹೇಗೆ ಇಳಿಸುತ್ತದೆ, ಆ ಇಳಿಸಾಟದ ನಡುವೆ ಸರ್ಕಾರದ ಕೆಲಸ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಈ ಸೇವೆ ಎಷ್ಟರ ಮಟ್ಟಿಗೆ ಉತ್ತರ ಕೊಡುತ್ತದೆ ಎಂಬುದನ್ನು ಮಾತ್ರ ಇಲ್ಲಿ ನೋಡಿದ್ದೇನೆ. ಮೊದಲನೆಯದಕ್ಕೆ ಅದು ಅರ್ಧ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಬಹುತೇಕ ಪೂರ್ತಿ ಉತ್ತರವಿದೆ, ಆದರೆ ಅದನ್ನು ಹುಡುಕುವ ತಾಳ್ಮೆ ನೋಡುಗರಿಗೆ ಇರಬೇಕು.

ಹೆಚ್ಚಿನವರು ಈ ಸೇವೆಗೆ ಕಾಲಿಡುವುದು ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ನಡೆಯುವ ಪ್ರಧಾನಿಯವರ ಪ್ರಶ್ನೋತ್ತರದ ಮೂಲಕ. ಮೊದಲು ಮಂಗಳವಾರ ಮತ್ತು ಗುರುವಾರ ತಲಾ ಹದಿನೈದು ನಿಮಿಷ ನಡೆಯುತ್ತಿದ್ದುದನ್ನು 1997ರಲ್ಲಿ ಟೋನಿ ಬ್ಲೇರ್ ಒಂದೇ ದಿನದ ಅರ್ಧ ಗಂಟೆಯಾಗಿ ಮಾಡಿದರು. ಕ್ಯಾಮೆರಾಗೆ ಹೇಳಿ ಮಾಡಿಸಿದ ಅವಧಿಯಿದು: ಎದುರುಬದುರು ಬೆಂಚುಗಳು, ಸಿದ್ಧಪಡಿಸಿಕೊಂಡು ಬಂದ ಚುಚ್ಚುಮಾತು, ಅದಕ್ಕೆ ಸರಿಯಾಗಿ ಏಳುವ ಕೂಗು. ನಾಯಕರೊಬ್ಬರ ಕಾಲ ಕೆಳಗಿನ ನೆಲ ಅಲುಗಾಡುತ್ತಿದೆಯೇ ಎಂದು ತಿಳಿಯಲು ಮಾತು ಕೇಳುವುದಕ್ಕಿಂತ ಅವರ ಹಿಂದಿನ ಸಾಲುಗಳನ್ನು ನೋಡುವುದೇ ಲೇಸು, ಏಕೆಂದರೆ ಸ್ವಪಕ್ಷದವರ ಮೌನ ಎದುರು ಪಕ್ಷದವರ ಗದ್ದಲಕ್ಕಿಂತ ಹೆಚ್ಚನ್ನು ಹೇಳುತ್ತದೆ. 2022ರ ಅಕ್ಟೋಬರ್ 19ರಂದು ಆಗಿನ ಪ್ರಧಾನಿ ಲಿಜ್ ಟ್ರಸ್ ತಾವು ಹೋರಾಡುವವರೇ ಹೊರತು ಬಿಟ್ಟು ಓಡುವವರಲ್ಲ ಎಂದು ಇದೇ ಅವಧಿಯಲ್ಲಿ ಹೇಳಿ, ಮರುದಿನವೇ ರಾಜೀನಾಮೆ ಪ್ರಕಟಿಸಿದರು. ಆ ಎರಡು ದಿನಗಳ ದಾಖಲೆಯನ್ನು ಜೊತೆಗಿಟ್ಟು ಓದಿದರೆ ಯಾವ ವಿಶ್ಲೇಷಕರ ನೆರವೂ ಬೇಕಾಗುವುದಿಲ್ಲ.

ದೃಶ್ಯ ಸಂಗ್ರಹದ ಮೊದಲ ಮಿತಿ ಕಾಲದ್ದು. ಚುನಾಯಿತ ಕೆಳಮನೆಯಾದ ಕಾಮನ್ಸ್ ಸಭೆಯ ಧ್ವನಿಪ್ರಸಾರ ಆರಂಭವಾದದ್ದು 1978ರಲ್ಲಿ, ದೂರದರ್ಶನ ಪ್ರಸಾರ 1989ರ ನವೆಂಬರ್ 21ರಂದು. ಆದರೆ ಜಾಲತಾಣದಲ್ಲಿ ಸಿಗುವ ದೃಶ್ಯಗಳು 2007ರಿಂದ ಈಚಿನವು ಮಾತ್ರ. ಹೀಗಾಗಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಪತನಕ್ಕೆ ದಾರಿಮಾಡಿದ, 1990ರ ನವೆಂಬರ್ 13ರ, ಅವರದೇ ಸಂಪುಟದ ಹಿರಿಯ ಸಚಿವರಾಗಿದ್ದ ಜೆಫ್ರಿ ಹೌ ಅವರ ರಾಜೀನಾಮೆ ಭಾಷಣವನ್ನು ಇಲ್ಲಿ ನೋಡುವಂತಿಲ್ಲ. ಹ್ಯಾನ್ಸಾರ್ಡ್‌ನಲ್ಲಿ ಓದಬಹುದು, ಓದಲೇಬೇಕು. ಯುರೋಪಿನೊಡನೆ ಮಾತುಕತೆಗೆ ಸಚಿವರನ್ನು ಕಳಿಸಿ ಬೆನ್ನ ಹಿಂದೆ ಬೇರೆಯೇ ಮಾತಾಡುವುದು, ಆರಂಭಿಕ ಬ್ಯಾಟುಗಾರರನ್ನು ಕ್ರೀಸಿಗೆ ಕಳಿಸಿದ ಮೇಲೆ ಅವರ ಬ್ಯಾಟುಗಳನ್ನು ತಂಡದ ನಾಯಕರೇ ಮೊದಲೇ ಮುರಿದಿಟ್ಟಿರುವುದು ಗೊತ್ತಾದಂತೆ ಎಂದು ಹೌ ಹೇಳಿದರು. ಏರು ದನಿಯಿಲ್ಲದ, ವಕೀಲರ ವಾದಪತ್ರದಂತಹ ಆ ಭಾಷಣ ಕಾಗದದ ಮೇಲೆ ಇಂದಿಗೂ ತಣ್ಣಗೆ ಸುಡುತ್ತದೆ. ಒಂಬತ್ತು ದಿನಗಳಲ್ಲಿ ಥ್ಯಾಚರ್ ನಿರ್ಗಮನ ಪ್ರಕಟಿಸಿದರು.

ಎರಡನೆಯ ಮಿತಿ ಹೆಚ್ಚು ಆಳದ್ದು, ಮತ್ತು ಅದು ಈ ಸೇವೆಯನ್ನು ನಡೆಸುವವರ ತಪ್ಪಲ್ಲ. 1979ರ ಮಾರ್ಚ್ 28ರ ರಾತ್ರಿ ಜೇಮ್ಸ್ ಕ್ಯಾಲಹನ್ ಸರ್ಕಾರ ಸದನದ ಅವಿಶ್ವಾಸ ಮತದಲ್ಲಿ 311ಕ್ಕೆ 310 ಮತಗಳಿಂದ ಸೋತಿತು. ಯಾರು ಯಾವ ಕಡೆ ನಿಂತರೆಂಬುದು ಹೆಸರು ಸಮೇತ ಹ್ಯಾನ್ಸಾರ್ಡ್‌ನಲ್ಲಿದೆ. ಆದರೆ 1990ರಿಂದ 2022ರವರೆಗೆ ಸಾರ್ವತ್ರಿಕ ಚುನಾವಣೆಯಿಲ್ಲದೆ ಆರು ಬಾರಿ ಪ್ರಧಾನಿ ಬದಲಾದಾಗ ಒಮ್ಮೆಯೂ ತೀರ್ಮಾನ ಸದನದ ಮತವಿಭಜನೆಯಲ್ಲಿ ಆಗಲಿಲ್ಲ; ಅದು ಪಕ್ಷದ ಒಳಗೇ ಆಯಿತು. 1990ರ ನಾಯಕತ್ವದ ಸ್ಪರ್ಧೆಯಲ್ಲಿ ಥ್ಯಾಚರ್ ಅವರಿಗೆ 204, ಎದುರಾಳಿ ಮೈಕೆಲ್ ಹೆಸೆಲ್ಟೈನ್ ಅವರಿಗೆ 152 ಎಂಬ ಮೊದಲ ಸುತ್ತಿನ ಲೆಕ್ಕ ಸಂಸತ್ತಿನ ದಾಖಲೆಯಲ್ಲ, ಕನ್ಸರ್ವೇಟಿವ್ ಪಕ್ಷದ ದಾಖಲೆ. 2018ರ ಡಿಸೆಂಬರ್ 12ರಂದು ತೆರೇಸಾ ಮೇ 200ಕ್ಕೆ 117ರಿಂದ, 2022ರ ಜೂನ್ 6ರಂದು ಬೋರಿಸ್ ಜಾನ್ಸನ್ 211ಕ್ಕೆ 148ರಿಂದ ಸ್ವಪಕ್ಷದ ವಿಶ್ವಾಸಮತ ಗೆದ್ದದ್ದೂ ಸಂಸತ್ ಭವನದೊಳಗಿನ ಕೋಣೆಯಲ್ಲೇ, ಆದರೆ ಗುಪ್ತಮತದಾನದಲ್ಲಿ. ಒಂದೇ ಸೂರಿನಡಿ ನಡೆದರೂ ಕ್ಯಾಮೆರಾ ಬಾಗಿಲಿನಿಂದಾಚೆಗೆ ಹೋಗುವಂತಿಲ್ಲ. ನಾಯಕರ ಮೇಲೆ ಅವಿಶ್ವಾಸ ಸೂಚಿಸಿ ಸದಸ್ಯರು ಬರೆಯುವ ಪತ್ರಗಳು ಎಷ್ಟು ಬಂದಿವೆ ಎಂಬುದೂ ಹಿಂದಿನ ಬೆಂಚಿನವರ ಒಕ್ಕೂಟವಾದ 1922ರ ಸಮಿತಿಯ ಅಧ್ಯಕ್ಷರಿಗೆ ಮಾತ್ರ ತಿಳಿದಿರುವ ಗುಟ್ಟು. ಲೇಬರ್ ಪಕ್ಷದ ಕಥೆಯೂ ಬೇರೆಯಲ್ಲ: 2016ರ ಜೂನ್ 28ರಂದು ಅದರ ಸಂಸದರು ತಮ್ಮ ನಾಯಕ ಜೆರೆಮಿ ಕಾರ್ಬಿನ್ ವಿರುದ್ಧ 172ಕ್ಕೆ 40ರಿಂದ ಮತ ಹಾಕಿದ್ದು ಎಲ್ಲೂ ಪ್ರಸಾರವಾಗಲಿಲ್ಲ, ಮರುದಿನ ಸದನದಲ್ಲಿ, ತಾವೇ ರಾಜೀನಾಮೆ ಪ್ರಕಟಿಸಿದ್ದ ಪ್ರಧಾನಿ ಡೇವಿಡ್ ಕ್ಯಾಮರನ್ ಅವರು ಕಾರ್ಬಿನ್ ಅವರಿಗೆ ದಯವಿಟ್ಟು ಹೊರಡಿ ಎಂದು ಗದರಿದ್ದು ಮಾತ್ರ ಪ್ರಸಾರವಾಯಿತು. ಕಾರ್ಬಿನ್ ಹೊರಡಲಿಲ್ಲ, ಸೆಪ್ಟೆಂಬರಿನಲ್ಲಿ ಪಕ್ಷದ ಸದಸ್ಯರು ಅವರನ್ನೇ ಮತ್ತೆ ಆರಿಸಿದರು.

ಜಾನ್ಸನ್ ಅವರ ಉತ್ತರಾಧಿಕಾರಿಯನ್ನು ಆರಿಸಲು ಕನ್ಸರ್ವೇಟಿವ್ ಪಕ್ಷ ನಡೆಸಿದ 2022ರ ಬೇಸಿಗೆಯ ಸ್ಪರ್ಧೆಯನ್ನು ಈ ಸೇವೆಯೊಂದನ್ನೇ ನಂಬಿ ಹಿಂಬಾಲಿಸಿದವರಿಗಂತೂ ಕಥೆಯ ನಡುವಿನ ಅಧ್ಯಾಯವೇ ಹರಿದುಹೋದಂತಾಗುತ್ತದೆ. ಸಂಸದರ ಕೊನೆಯ ಸುತ್ತಿನಲ್ಲಿ ರಿಷಿ ಸುನಕ್ 137 ಮತ ಪಡೆದು ಮುಂದಿದ್ದರು, ಟ್ರಸ್ ಅವರಿಗೆ 113. ಪಕ್ಷದ ಸದಸ್ಯರ ಮತದಾನದಲ್ಲಿ ಅದು ತಿರುಗಿ, ಟ್ರಸ್ 81,326 ಮತ್ತು ಸುನಕ್ 60,399 ಎಂದಾಯಿತು. ಸದನದಲ್ಲಿ ಹೆಚ್ಚು ಬೆಂಬಲ ಹೊಂದಿಲ್ಲದವರು ಸದನವನ್ನು ಮುನ್ನಡೆಸಬೇಕಾಗಿ ಬಂದದ್ದು ಹೇಗೆಂಬುದು ಕಲಾಪದ ದಾಖಲೆಯಲ್ಲಿಲ್ಲ. ಅದರ ಪರಿಣಾಮ ಮಾತ್ರ ಪುಟ ಪುಟದಲ್ಲೂ ಇದೆ.

ಆ ಪರಿಣಾಮದ ದಾಖಲೆ ಅಮೂಲ್ಯವಾದದ್ದು. ಸೆಪ್ಟೆಂಬರ್ 23ರಂದು ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಸುಮಾರು 45 ಶತಕೋಟಿ ಪೌಂಡ್ ತೆರಿಗೆ ಕಡಿತವನ್ನು, ಸರ್ಕಾರದ ಲೆಕ್ಕವನ್ನು ಸ್ವತಂತ್ರವಾಗಿ ಅಂದಾಜಿಸುವ ಬಜೆಟ್ ಹೊಣೆಗಾರಿಕಾ ಕಚೇರಿಯ ಮುನ್ನಂದಾಜು ಜೊತೆಗಿಲ್ಲದೆಯೇ ಮಂಡಿಸಿದರು. ಐದು ದಿನಗಳ ನಂತರ ಸಾಲಪತ್ರಗಳ ಮಾರುಕಟ್ಟೆಯನ್ನು ತಡೆದು ನಿಲ್ಲಿಸಲು ಬ್ಯಾಂಕ್ ಆಫ್ ಇಂಗ್ಲೆಂಡ್ ಮಧ್ಯೆ ಬರಬೇಕಾಯಿತು. ಅಕ್ಟೋಬರ್ 17ರಂದು ಹೊಸ ಹಣಕಾಸು ಸಚಿವ ಜೆರೆಮಿ ಹಂಟ್ ಆ ಕಡಿತಗಳಲ್ಲಿ ಬಹುಪಾಲನ್ನು ಹಿಂತೆಗೆದುಕೊಂಡರು. ಅದೇ ದಿನ ಪ್ರಧಾನಿಯವರನ್ನು ಉದ್ದೇಶಿಸಿದ ತುರ್ತು ಪ್ರಶ್ನೆಗೆ ಅವರ ಬದಲು ಸಚಿವೆ ಪೆನ್ನಿ ಮಾರ್ಡಂಟ್ ಎದ್ದು ನಿಂತು, ಪ್ರಧಾನಿಯವರು ಮೇಜಿನ ಕೆಳಗೆ ಅಡಗಿಲ್ಲ ಎಂದು ಸದನಕ್ಕೆ ಭರವಸೆ ಕೊಡಬೇಕಾಗಿ ಬಂತು. ಎರಡು ದಿನಗಳ ನಂತರದ ಸಂಜೆ, ಶಿಲಾಪದರ ಒಡೆದು ಅನಿಲ ತೆಗೆಯುವ ವಿಷಯದ ಮತದಾನವು ಸರ್ಕಾರದ ಮೇಲಿನ ವಿಶ್ವಾಸಮತ ಹೌದೋ ಅಲ್ಲವೋ ಎಂಬುದೇ ಆಡಳಿತ ಪಕ್ಷದವರಿಗೆ ಸ್ಪಷ್ಟವಿರಲಿಲ್ಲ. ಹ್ಯಾನ್ಸಾರ್ಡ್ ಮಾತನ್ನು ಅಕ್ಷರಶಃ ದಾಖಲಿಸುವುದಿಲ್ಲ. ತಡವರಿಕೆ, ಪುನರುಕ್ತಿಗಳನ್ನು ತೆಗೆದು ಓರಣಗೊಳಿಸುತ್ತದೆ. ಆ ಸಂಜೆಯ ಗೊಂದಲ ಅಷ್ಟು ಓರಣದ ನಂತರವೂ ಗೊಂದಲವಾಗಿಯೇ ಉಳಿದಿದೆ. ಅಂದಹಾಗೆ, ಕಾಮನ್ಸ್ ಸಭೆಯ ದೃಶ್ಯಗಳನ್ನು ಹಾಸ್ಯ ಹಾಗೂ ವಿಡಂಬನೆಯ ಕಾರ್ಯಕ್ರಮಗಳಲ್ಲಿ ಬಳಸುವಂತಿಲ್ಲ ಎಂಬ ನಿಯಮವೊಂದಿದೆ; ಆ ವಾರದ ಮಟ್ಟಿಗೆ ವಿಡಂಬನಕಾರರಿಗೆ ಸೇರಿಸಲು ಏನೂ ಉಳಿದಿರಲಿಲ್ಲ.

ಸೇವೆಯ ನಿಜವಾದ ಬೆಲೆ ಇರುವುದು ಸಮಿತಿ ಕೋಣೆಗಳಲ್ಲಿ. ಇಲ್ಲಿ ಕೂಗಾಟವಿಲ್ಲ, ಕುದುರೆಲಾಳದಾಕಾರದ ಮೇಜಿನ ಸುತ್ತ ಕುಳಿತವರು ಒಂದೇ ವಿಷಯವನ್ನು ಗಂಟೆಗಟ್ಟಲೆ ಕೆದಕುತ್ತಾರೆ, ಕ್ಯಾಮೆರಾ ಮಿಸುಕುವುದಿಲ್ಲ. ಸರ್ಕಾರದ ಸಾಮರ್ಥ್ಯವನ್ನು ಅಳೆಯಬೇಕಾದವರು 1861ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಬಾಗಿಲನ್ನೇ ತಟ್ಟಬೇಕು. ಶಾಲಾ ಕಟ್ಟಡಗಳ ವಿಷಯವನ್ನೇ ತೆಗೆದುಕೊಳ್ಳಬಹುದು. ಇಂಗ್ಲೆಂಡಿನಲ್ಲಿ ಸುಮಾರು 7,00,000 ಮಕ್ಕಳು ದೊಡ್ಡ ದುರಸ್ತಿ ಅಥವಾ ಮರುನಿರ್ಮಾಣ ಬೇಕಿರುವ ಶಾಲೆಗಳಲ್ಲಿ ಓದುತ್ತಿದ್ದಾರೆ ಎಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2023ರ ಜೂನ್‌ನಲ್ಲಿ ವರದಿ ಮಾಡಿತು. ಆಗಸ್ಟ್ 31ರಂದು, ಅಂದರೆ ಶಾಲೆ ಶುರುವಾಗಲು ಕೆಲವೇ ದಿನಗಳಿದ್ದಾಗ, ಕುಸಿಯುವ ಅಪಾಯವಿರುವ ಗಾಳಿಗುಳ್ಳೆಯ ಹಗುರ ಕಾಂಕ್ರೀಟಿನಿಂದ ಕಟ್ಟಿದ ಭಾಗಗಳನ್ನು ಮುಚ್ಚುವಂತೆ ನೂರಕ್ಕೂ ಹೆಚ್ಚು ಶಾಲೆಗಳಿಗೆ ಸೂಚನೆ ಹೋಯಿತು. ಆ ಕಾಂಕ್ರೀಟು ದಶಕಗಳ ಹಿಂದಿನದು, ಯಾವ ಒಬ್ಬ ಸಚಿವರ ಕೊಡುಗೆಯೂ ಅಲ್ಲ.

ಆದರೆ ಅದಕ್ಕೆ ಹಿಂದಿನ ವರ್ಷದ ಹ್ಯಾನ್ಸಾರ್ಡ್ ತೆರೆದು ಶಿಕ್ಷಣ ಇಲಾಖೆಯ ಉತ್ತರಗಳನ್ನು ಹುಡುಕುತ್ತ ಹೋದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸಚಿವರು ಮಾತಿಗೆ ಎದ್ದಾಗ ಹ್ಯಾನ್ಸಾರ್ಡ್ ಮೊದಲು ಹುದ್ದೆಯನ್ನು ಮುದ್ರಿಸಿ, ವ್ಯಕ್ತಿಯ ಹೆಸರನ್ನು ಆವರಣದೊಳಗೆ ಹಾಕುತ್ತದೆ. 2022ರಲ್ಲಿ ಶಿಕ್ಷಣ ಸಚಿವರ ಹುದ್ದೆಯಲ್ಲಿ ನದೀಮ್ ಜಹಾವಿ, ಎರಡು ದಿನವೂ ತುಂಬದ ಮಿಶೆಲ್ ಡೊನೆಲನ್, ಬಳಿಕ ಜೇಮ್ಸ್ ಕ್ಲೆವರ್ಲಿ, ಕಿಟ್ ಮಾಲ್ಟ್‌ಹೌಸ್, ಕೊನೆಗೆ ಜಿಲಿಯನ್ ಕೀಗನ್, ಹೀಗೆ ಐದು ಜನ ಕುಳಿತೆದ್ದರು. ಹಣಕಾಸು ಸಚಿವರು ಅದೇ ವರ್ಷ ನಾಲ್ವರು. ನಾಯಕತ್ವದ ಕಾದಾಟಕ್ಕೂ ಆಡಳಿತದ ದೌರ್ಬಲ್ಯಕ್ಕೂ ಇರುವ ನಂಟನ್ನು ನನಗೆ ಮನಗಾಣಿಸಿದ್ದು ಯಾವ ಭಾಷಣವೂ ಅಲ್ಲ, ಆ ಆವರಣಚಿಹ್ನೆಗಳು. ಕಡತ ಓದಿ ಮುಗಿಸುವಷ್ಟು ದಿನವಾದರೂ ಕುರ್ಚಿಯಲ್ಲಿ ಇಲ್ಲದವರಿಂದ ಕಟ್ಟಡದ ಛಾವಣಿಯ ಬಗ್ಗೆ ಏನನ್ನು ನಿರೀಕ್ಷಿಸುವುದು?

ಬಳಕೆಯ ಸೌಕರ್ಯದ ಕುರಿತು ಹೇಳುವುದು ಹೆಚ್ಚಿಲ್ಲ. ಸದನದ ಮಾತು ಸುಮಾರು ಮೂರು ಗಂಟೆಗಳೊಳಗೆ ಹ್ಯಾನ್ಸಾರ್ಡ್‌ನಲ್ಲಿ ಓದಲು ಸಿಗುತ್ತದೆ, ಅದು ಮೆಚ್ಚತಕ್ಕ ವೇಗ. ದೃಶ್ಯದಿಂದ ಬೇಕಾದ ಭಾಗವನ್ನು ಕತ್ತರಿಸಿಕೊಳ್ಳಬಹುದು. ಆದರೆ ದೃಶ್ಯ ಒಂದು ತಾಣದಲ್ಲಿ, ಸದನದ ಮಾತು ಇನ್ನೊಂದರಲ್ಲಿ, ಸಮಿತಿಗಳ ಸಾಕ್ಷ್ಯ ಮತ್ತು ವರದಿ ಮತ್ತೊಂದರಲ್ಲಿ ಇರುವುದರಿಂದ ಒಂದೇ ಪ್ರಕರಣವನ್ನು ಬೆನ್ನುಹತ್ತುವವರು ಮೂರು ಕಡೆ ಅಲೆಯಬೇಕು.

ಹೊಸಬರಿಗೆ ನಾನು ಸೂಚಿಸುವುದು ಬುಧವಾರದ ಪ್ರಶ್ನೋತ್ತರವನ್ನಲ್ಲ, 2022ರ ಜುಲೈ 6ರ ಅಪರಾಹ್ನದ ಲಿಯೇಸಾನ್ ಸಮಿತಿಯ ಸಭೆಯನ್ನು. ಎಲ್ಲ ಸಮಿತಿಗಳ ಅಧ್ಯಕ್ಷರು ಸೇರಿದ ಈ ಸಮಿತಿ 2002ರಿಂದ ಪ್ರಧಾನಿಯವರನ್ನು ಕರೆಸಿ ಪ್ರಶ್ನಿಸುತ್ತ ಬಂದಿದೆ. ಹಿಂದಿನ ದಿನ ಆರೋಗ್ಯ ಸಚಿವ ಸಾಜಿದ್ ಜಾವಿದ್ ಮತ್ತು ಹಣಕಾಸು ಸಚಿವ ಸುನಕ್ ಸಂಪುಟ ಬಿಟ್ಟಿದ್ದರು. ಜಾನ್ಸನ್ ಅವರು ಉಕ್ರೇನ್ ಮತ್ತು ಬೆಲೆಯೇರಿಕೆಯ ಬಗ್ಗೆ ಉತ್ತರಿಸುತ್ತಿದ್ದಂತೆಯೇ ಹೊರಗೆ ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಡುತ್ತಿದ್ದರು. ಸಮಿತಿಯ ಸದಸ್ಯರು ಕೈಯಲ್ಲಿನ ಫೋನು ನೋಡಿ ಆ ಸುದ್ದಿಯನ್ನು ಅವರಿಗೇ ತಿಳಿಸುತ್ತಿದ್ದರು. ಮರುದಿನ ಅವರು ರಾಜೀನಾಮೆ ಪ್ರಕಟಿಸಿದರು. ಸುಮಾರು ಎರಡು ಗಂಟೆಗಳ ಆ ದೃಶ್ಯವನ್ನು ನಡುವೆ ಕತ್ತರಿಸದೆ, ಮೊದಲಿಂದ ಕೊನೆಯವರೆಗೆ ನೋಡಬೇಕು.