ಕ್ಲೋಷರ್ ಅಥವಾ ಕಾಲಬಲ್ ಕ್ಲಾಸ್: ಪೈಥಾನ್‌ನಲ್ಲಿ ಎರಡನ್ನೂ ಓಡಿಸಿ ನೋಡಿದಾಗ

ಸೆನ್ಸರ್‌ನಿಂದ ಬರುವ ಪ್ರತಿ ರೀಡಿಂಗನ್ನು ಒಂದು ಸಂಖ್ಯೆಯಿಂದ ಗುಣಿಸಬೇಕು, ಇನ್ನೊಂದನ್ನು ಕೂಡಿಸಬೇಕು. ಕೆಲಸ ಇಷ್ಟೇ, ಆದರೆ ಲೂಪ್ ಲಕ್ಷಗಟ್ಟಲೆ ಸಲ ತಿರುಗುತ್ತದೆ. ಆ ಎರಡು ಸಂಖ್ಯೆಗಳನ್ನು ಕ್ಲೋಷರ್‌ನಲ್ಲಿ (ಹೊರಗಿನ ಫಂಕ್ಷನ್‌ನ ವೇರಿಯಬಲ್‌ಗಳನ್ನು ನೆನಪಿಟ್ಟುಕೊಳ್ಳುವ ಒಳಗಿನ ಫಂಕ್ಷನ್) ಇಡುವುದೋ, ಡಂಡರ್ ಕಾಲ್ (__call__, ಆಬ್ಜೆಕ್ಟನ್ನು ಫಂಕ್ಷನ್‌ನಂತೆ ಕರೆಯಲು ಬಿಡುವ ಮೆಥಡ್) ಇರುವ ಕ್ಲಾಸಿನಲ್ಲೋ? ಎರಡೂ ರೀತಿ ಬರೆದು, ಕೋಡ್ ಓಡಲು ಹಿಡಿಯುವ ಸಮಯ ಅಳೆಯುವ ಪೈಥಾನ್‌ನ ಟೈಮ್‌ಇಟ್‌ಗೆ ಕೊಟ್ಟೆ.

ವೇಗದಲ್ಲಿ ಕ್ಲೋಷರೇ ಮುಂದೆ. ಒಳಗಿನ ಫಂಕ್ಷನ್ ಹೊರಗಿನ ವೇರಿಯಬಲ್‌ಗಳನ್ನು ಸೆಲ್‌ ಎಂಬ ಪುಟ್ಟ ಡಬ್ಬಿಗಳಲ್ಲಿ ಹಿಡಿದುಕೊಂಡಿರುತ್ತದೆ. ಯಾವ ಸೆಲ್ ಎಂಬುದು ಕಂಪೈಲ್ ಆಗುವಾಗಲೇ ತೀರ್ಮಾನವಾಗಿರುವುದರಿಂದ ಓಡುವಾಗ ಹೆಸರು ಹುಡುಕಬೇಕಿಲ್ಲ. ಕ್ಲಾಸಿನ ದಾರಿ ಉದ್ದ. ಮೊದಲು ಡಂಡರ್ ಕಾಲ್ ತಲುಪಬೇಕು, ಆಮೇಲೆ ಸೆಲ್ಫ್ (ಅದೇ ಆಬ್ಜೆಕ್ಟ್) ಮೂಲಕ ಒಂದೊಂದೇ ಆಟ್ರಿಬ್ಯೂಟ್, ಅಂದರೆ ಅದರಲ್ಲಿಟ್ಟ ಬೆಲೆ, ತೆಗೆಯಬೇಕು. 2022ರಲ್ಲಿ ಬಂದ ಪೈಥಾನ್ 3.11 ಆಟ್ರಿಬ್ಯೂಟ್ ಹುಡುಕಾಟವನ್ನು ಚುರುಕು ಮಾಡಿದೆ ನಿಜ. ಆದರೆ ಅದೇ ಆವೃತ್ತಿ ಮಾಮೂಲಿ ಫಂಕ್ಷನ್ ಕರೆಗಳನ್ನೂ ಅಗ್ಗ ಮಾಡಿತು, ಆ ಲಾಭ ಕ್ಲೋಷರ್‌ಗೆ ನೇರವಾಗಿ ಸಿಗುತ್ತದೆ.

ಮೆಮೊರಿಯಲ್ಲಾದರೆ ಕ್ಲಾಸ್ ಗೆಲ್ಲಬಲ್ಲದು. ಆಟ್ರಿಬ್ಯೂಟ್‌ಗಳ ಹೆಸರನ್ನು ಮೊದಲೇ ನಿಗದಿ ಮಾಡುವ ಸ್ಲಾಟ್ಸ್ (__slots__) ಹಾಕಿದರೆ ಎರಡು ಆಟ್ರಿಬ್ಯೂಟ್‌ನ ಆಬ್ಜೆಕ್ಟ್ ತುಂಬಾ ಚಿಕ್ಕದು. ಕ್ಲೋಷರ್ ಅಂದರೆ ಪ್ರತಿ ಸಲ ಹೊಸ ಫಂಕ್ಷನ್ ಆಬ್ಜೆಕ್ಟ್, ಅದೊಂದೇ 100 ಬೈಟ್ ದಾಟುತ್ತದೆ, ಸೆಲ್‌ಗಳು ಬೇರೆ. ಸಾವಿರಾರು ಸೆನ್ಸರ್‌ಗೆ ಒಂದೊಂದು ಮಾಡುವವರಿಗೆ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಮಿತಿ ಮೀರಿದ ರೀಡಿಂಗ್‌ಗಳನ್ನು ಎಣಿಸಬೇಕಾಯಿತು. ಕ್ಲೋಷರ್‌ನಲ್ಲಿ ನಾನ್‌ಲೋಕಲ್ (ಹೊರಗಿನ ವೇರಿಯಬಲ್ ಬದಲಿಸಲು ಬಿಡುವ ಪದ) ಅಂತ ಬರೆದರೆ ಎಣಿಕೆ ಏರುತ್ತದೆ. ಹೊರಗಿನಿಂದ ನೋಡಲು ಹೋದರೆ ಸೆಲ್‌ನ ಒಳಗೆ ಕೈ ಹಾಕಬೇಕು, ಅಥವಾ ಇನ್ನೊಂದು ಫಂಕ್ಷನ್ ವಾಪಸ್ ಕೊಡಬೇಕು. ಕ್ಲಾಸಿನಲ್ಲಿ ಸುಮ್ನೆ ಆಟ್ರಿಬ್ಯೂಟ್ ಓದಿದರೆ ಆಯ್ತು. ಆರು ತಿಂಗಳ ನಂತರ ಈ ಕೋಡ್ ತೆರೆಯುವವರಿಗೆ ಇದು ದೊಡ್ಡ ಉಪಕಾರ.

ನನ್ನ ಆಯ್ಕೆಯನ್ನು ತೀರ್ಮಾನಿಸಿದ್ದು ಮಲ್ಟಿಪ್ರೊಸೆಸಿಂಗ್, ಅಂದರೆ ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚುವುದು. ಪೂಲ್‌ಗೆ (ಆ ಪ್ರೊಸೆಸ್‌ಗಳ ಗುಂಪು) ಕೊಡುವ ಫಂಕ್ಷನ್ ಪಿಕಲ್ ಆಗಲೇಬೇಕು, ಅಂದರೆ ಬೇರೆ ಪ್ರೊಸೆಸ್‌ಗೆ ಕಳಿಸಲು ಬೈಟ್‌ಗಳಾಗಿ ಬದಲಾಗಬೇಕು, ಕ್ಲೋಷರ್ ಆಗುವುದಿಲ್ಲ, ಎರರ್ ಬರುತ್ತದೆ. ಮಾಡ್ಯೂಲ್ ಮಟ್ಟದಲ್ಲಿ ಬರೆದ ಕ್ಲಾಸಿನ ಆಬ್ಜೆಕ್ಟ್ ತಕರಾರಿಲ್ಲದೆ ಹೋಗುತ್ತದೆ. ಕೆಲಸ ನಾಲ್ಕು ಕೋರ್‌ಗೆ ಹಂಚಿಹೋದಾಗ ಸಿಗುವ ಲಾಭದ ಮುಂದೆ ಒಂದು ಕರೆಯಲ್ಲಿ ಉಳಿಯುವ ಕೆಲವು ನ್ಯಾನೋಸೆಕೆಂಡ್ ಏನೂ ಅಲ್ಲ, ಅಲ್ವಾ? ಹಾಗಾಗಿ ಸಂಖ್ಯೆಗಳನ್ನು ಓದುವುದಷ್ಟೇ ಇದ್ದು, ಒಂದೇ ಪ್ರೊಸೆಸ್‌ನಲ್ಲಿ ಓಡುವ ಕಡೆ ಕ್ಲೋಷರ್ ಇಟ್ಟುಕೊಂಡೆ, ಉಳಿದ ಕಡೆ ಕ್ಲಾಸ್.

ರೀಡಿಂಗ್‌ಗಳೆಲ್ಲ ಮೊದಲೇ ಕೈಯಲ್ಲಿದ್ದರೆ ಎರಡೂ ಬೇಡ. ಸಂಖ್ಯೆಗಳ ಲೆಕ್ಕಕ್ಕೆಂದೇ ಇರುವ ನಂಪೈ ಲೈಬ್ರರಿಯ ಅರೇಗೆ ಹಾಕಿ ಒಂದೇ ಸಾಲಿನಲ್ಲಿ ಗುಣಿಸಿ ಕೂಡಿಸಿ, ಇವೆರಡನ್ನೂ ಅದು ಬಹಳ ಹಿಂದೆ ಹಾಕುತ್ತದೆ.