ಮೈಸೂರಿನ ಬೋಗಾದಿ ಕಡೆಯ ಹಿರಿಯರ ವಸತಿ: ನಾಲ್ಕು ವರ್ಷ ಇದ್ದು ನೋಡಿದ್ದು

ಸರಸ್ವತಿಪುರಂನ ಮಹಡಿ ಮನೆ ಬಿಟ್ಟು ನಾನೂ ನನ್ನ ಹೆಂಡತಿಯೂ ಇಲ್ಲಿಗೆ ಬಂದು ನಾಲ್ಕು ವರ್ಷವಾಯಿತು. ಆಗ ಇಬ್ಬರಿಗೂ ಕೈಕಾಲು ಗಟ್ಟಿಯಿತ್ತು, ಈಗಲೂ ಇದೆ. 'ಮಕ್ಕಳು ನೋಡ್ಕೊಳ್ಳಲ್ವಾ?' ಅಂತ ಕೇಳದವರಿಲ್ಲ. ನಲ್ಲಿ ನೀರು, ಪ್ಲಂಬರ್, ಮೆಟ್ಟಿಲು ಇವೇ ಸಾಕಾಗಿದ್ದವು, ಅಷ್ಟೇ.

ಬ್ರೋಷರ್‌ನಲ್ಲಿ ಚಾಮುಂಡಿ ಬೆಟ್ಟ ಕಾಣುವ ಬಾಲ್ಕನಿ ಇತ್ತು. ಬೆಟ್ಟ ಕಾಣುತ್ತೆ, ಸುಳ್ಳಲ್ಲ. ಆದರೆ ನಾವು ಸರಿಯಾಗಿ ನೋಡಬೇಕಿದ್ದದ್ದು ಬಚ್ಚಲನ್ನು. ಗೋಡೆಗೆ ಹಿಡಿಕೆ, ಜಾರದ ಟೈಲ್ಸ್ ಇದ್ದವು. ಕೇಂದ್ರ ಸರ್ಕಾರ 2019ರಲ್ಲಿ ನಿವೃತ್ತರ ವಸತಿಗೆ ಹೊರಡಿಸಿದ ಮಾದರಿ ಮಾರ್ಗಸೂಚಿಯೂ ಇವನ್ನು ಕೇಳುತ್ತದೆ. ಎಳೆದರೆ ಆಫೀಸಿನಲ್ಲಿ ಗಂಟೆ ಹೊಡೆಯುವ ದಾರವೂ ಇತ್ತು. ಎರಡನೇ ವರ್ಷ ಹೆಂಡತಿ ಕಾಲು ಮಡಚಿ ಬಿದ್ದಳು. ದಾರ ಕೈಗೆ ಸಿಗಲಿಲ್ಲ. ನೆಲ ಒರೆಸುವಾಗ ಒದ್ದೆಯಾಗುತ್ತೆ ಅಂತ ಕೆಲಸದವಳು ಅದನ್ನು ಗಂಟು ಹಾಕಿ ಮೇಲೆ ಕಟ್ಟಿದ್ದಳು! ನಾನು ಮನೆಯಲ್ಲೇ ಇದ್ದೆ, ಮೂಳೆಗೇನೂ ಆಗಲಿಲ್ಲ. ಮಾರನೇ ದಿನ ನೋಡಿದರೆ ನಮ್ಮ ಸಾಲಿನ ಆರು ಮನೆಯಲ್ಲಿ ನಾಲ್ಕು ಕಡೆ ಅದೇ ಗಂಟು. ಈಗ ದಾರ ನೆಲದಿಂದ ಒಂದು ಗೇಣು ಎತ್ತರದವರೆಗೆ ಇಳಿದಿದೆ. ತಿಂಗಳಿಗೊಮ್ಮೆ ನಾವೇ ಎಳೆದು ಗಡಿಯಾರ ನೋಡುತ್ತೇವೆ. ಹಗಲು ಎರಡು ನಿಮಿಷಕ್ಕೆ ಬರುತ್ತಾರೆ, ರಾತ್ರಿ ಏಳು ನಿಮಿಷಕ್ಕೆ.

ಊಟ ಈಗ ಚೆನ್ನಾಗಿದೆ. ಮೊದಲಿದ್ದ ಅಡುಗೆಯವರು ಸಾರಿಗೆ ಬೆಲ್ಲ ಸುರಿಯುತ್ತಿದ್ದರು. ಮಂಡ್ಯದವರೇ ಜಾಸ್ತಿ ಇರುವ ಜಾಗದಲ್ಲಿ ಸಿಹಿ ಸಾರು ನಡೆಯುತ್ತಾ? ಜಗಳವಾಡಿ ವಾರಕ್ಕೆ ಎರಡು ದಿನ ಮುದ್ದೆ, ಬಸ್ಸಾರು ಗಿಟ್ಟಿಸಿದೆವು.

ದುಡ್ಡಿನ ವಿಷಯದಲ್ಲಿ ನನಗೆ ಸಿಟ್ಟಿದೆ. ಮೇಂಟೆನೆನ್ಸ್ ವರ್ಷ ವರ್ಷ ಏರುತ್ತೆ, ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಸೇರುವಾಗ 'ಸ್ವಲ್ಪ ಏರುತ್ತೆ ಸಾರ್' ಅಂದಿದ್ದರು. ಆ ಸ್ವಲ್ಪ ಎಷ್ಟು ಅಂತ ಬರೆಸಿಕೊಳ್ಳಲಿಲ್ಲ. ಬ್ಯಾಂಕಿನಲ್ಲಿ 31 ವರ್ಷ ಬೇರೆಯವರ ಕರಾರು ಓದಿದವನು ನಾನು! ನಮ್ಮ ಕರಾರಿನ ಇನ್ನೊಂದು ಸಾಲು ಆಮೇಲೆ ಕಣ್ಣಿಗೆ ಬಿತ್ತು: ಹಾಸಿಗೆ ಹಿಡಿದರೆ ಮನೆ ಖಾಲಿ ಮಾಡಬೇಕು. ಡೆಪಾಸಿಟ್ ವಾಪಸ್ ಎಷ್ಟು ದಿನಕ್ಕೆ ಅಂತ ಅಲ್ಲಿಲ್ಲ. ಸಹಿ ಹಾಕುವ ಮುಂಚೆ ಇವಿಷ್ಟನ್ನೂ ಕೇಳಿ. ಗೆಸ್ಟ್ ರೂಮಿನಲ್ಲಿ ಹದಿನೈದು ದಿನ ಇದ್ದೂ ನೋಡಿ, ದುಡ್ಡು ಕೊಟ್ಟಾದರೂ ಸರಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಬಿಟ್ಟು ಹೋಗ್ತೀರಾ ಅಂದರೆ, ಇಲ್ಲ. ಸಂಜೆ ಇಸ್ಪೀಟಿಗೆ ನಾಲ್ಕು ಜನ ಸಿಗುತ್ತಾರೆ, ಸರಸ್ವತಿಪುರಂನಲ್ಲಿ ಸಿಗುತ್ತಿರಲಿಲ್ಲ.