ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಸಾಕಾ, ಮ್ಯಾನುಯಲ್ ಮೋಡ್ ಬೇಕಾ?

ಹೊಸಬರಾದರೆ ಮೊದಲು ಕಾಂಪೆನ್ಸೇಷನ್ ಕಲಿಯಿರಿ, ಅಂದರೆ ಫೋಟೊಗೆ ಎಷ್ಟು ಬೆಳಕು ಬೇಕೆಂದು ಕ್ಯಾಮೆರಾ ಹಾಕಿದ ಲೆಕ್ಕವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡುವುದು. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಎದುರಿಗೆ ಏನಿದ್ದರೂ ಅದನ್ನು ನಡುಮಟ್ಟದ ಬೂದು ಅಂತಲೇ ಲೆಕ್ಕ ಹಾಕುತ್ತದೆ. ಅದಕ್ಕೇ ಫ್ರೇಮ್ ತುಂಬ ಬಿಳಿ ಗೋಡೆ ಇದ್ದರೆ ಫೋಟೊ ಮಂಕಾಗುತ್ತದೆ, +1 (ಒಂದು ಸ್ಟಾಪ್, ಅಂದರೆ ಎರಡರಷ್ಟು ಬೆಳಕು) ಕೊಡಿ. ಕಪ್ಪು ಎಮ್ಮೆಯಾದರೆ -1 (ಅರ್ಧದಷ್ಟು ಬೆಳಕು). ಅಪರ್ಚರ್ ಪ್ರಿಯಾರಿಟಿಯಲ್ಲಿ (ಲೆನ್ಸಿನ ಕಿಂಡಿಯ ಅಳತೆ ನೀವು, ಶಟರ್ ವೇಗ ಕ್ಯಾಮೆರಾ ಆರಿಸುವ ಮೋಡ್) ಡಯಲ್ ತಿರುಗಿಸಿದರೆ ಆಯ್ತು. ಜಾತ್ರೆಗೆ, ಮೋಡ ಬಂದು ಹೋಗುವ ದಿನಕ್ಕೆ ಇದೇ ಬೆಸ್ಟ್.

ರಂಗನತಿಟ್ಟಿನಲ್ಲಿ ಹಾರುವ ಬೆಳ್ಳಕ್ಕಿ ಮಾತ್ರ ಬೇರೆ ಕಥೆ. ಹಿಂದೆ ದಟ್ಟ ಮರಗಳಿದ್ದಾಗ -1 ಬೇಕು, ಅದೇ ಹಕ್ಕಿ ಬೆಳ್ಳನೆಯ ಆಕಾಶಕ್ಕೆ ಬಂದ ಕೂಡಲೇ ಡಯಲ್ಲನ್ನು + ಕಡೆಗೆ ತಿರುಗಿಸಬೇಕು, ಅಷ್ಟರಲ್ಲಿ ಹಕ್ಕಿ ಹೋಗಿರುತ್ತದೆ! ಅದರ ಮೇಲೆ ಬೀಳುವ ಬಿಸಿಲೇನೂ ಬದಲಾಗಿಲ್ಲ ಅಲ್ವಾ? ಇಲ್ಲಿ ಎಲ್ಲವನ್ನೂ ನೀವೇ ಸೆಟ್ ಮಾಡುವ ಮ್ಯಾನುಯಲ್ಲೇ ಸರಿ. ರೆಕ್ಕೆಯ ಗರಿಗಳ ವಿವರ ಉಳಿಯುವ ಹಾಗೆ ಒಮ್ಮೆ ಸೆಟ್ ಮಾಡಿ ಬಿಟ್ಟುಬಿಡಿ. ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್) ಆಟೋದಲ್ಲಿ ಇರಬಾರದು, ಇದ್ದರೆ ಮೀಟರ್ ಮತ್ತೆ ಮೂಗು ತೂರಿಸುತ್ತದೆ.